ಎರಡು ಡಬ್ಬ, ಹದಿನಾಲ್ಕು ಸರ್ವರ್

ಕಣ್ಣಿಗೆ ಕಾಣದ ಸಾಮಾನನ್ನು ಕಾಯುವ ಕೆಲಸ ಒಪ್ಪಿಕೊಂಡವರಿಗೆ ಪಜೀತಿಗಳು ಮಾತ್ರ ಚೆನ್ನಾಗಿ ಕಣ್ಣಿಗೆ ಕಾಣುವ ಹಾಗೇ ಬರುತ್ತವೆ. ನನಗಂತೂ ವಾರಕ್ಕೊಂದು ಗ್ಯಾರಂಟಿ. ಒಂದು ವಾರ ಏನೂ ಆಗದೆ ಹೋದರೆ ಮುಂದಿನ ವಾರ ಎರಡು ಕಾದಿವೆ ಅಂತಲೇ ಅರ್ಥ.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನ್. ಮನೆ ತುರುವೇಕೆರೆ, ದಿನಾ ಬಸ್ಸಿನಲ್ಲಿ ಓಡಾಟ. ಏನು ಕೆಲಸ ಅಂತ ಪಕ್ಕದ ಸೀಟಿನವರು ಕೇಳಿದರೆ ಮೊದಮೊದಲು “ವರ್ಚುವಲೈಸೇಷನ್” ಅನ್ನುತ್ತಿದ್ದೆ. ಅವರು ತಕ್ಷಣ ಕಿಟಕಿಯ ಕಡೆ ತಿರುಗಿ ತೆಂಗಿನ ಮರ ಎಣಿಸತೊಡಗುತ್ತಿದ್ದರು. ಆಮೇಲೆ ವಠಾರದ ಹೋಲಿಕೆ ಕೊಟ್ಟು ಹೇಳುವುದು ಕಲಿತೆ. ಒಂದು ದೊಡ್ಡ ಕಂಪ್ಯೂಟರು ಅಂದರೆ ಒಂದು ವಠಾರ. ಒಳಗೆ ಏಳು ಸಂಸಾರ. ಒಬ್ಬೊಬ್ಬರದೂ ಬೇರೆ ಒಲೆ, ಬೇರೆ ಬೀಗ. ಹೊರಗಿನವರಿಗೆ ಪ್ರತಿಯೊಂದೂ ಒಂದು ಪೂರಾ ಮನೆಯೇ, ಆದರೆ ಸೂರು ಒಂದೇ. ನಮ್ಮ ಕಾಲೇಜಿನಲ್ಲಿ ಅಂಥ ಎರಡು ವಠಾರ, ಹದಿನಾಲ್ಕು ಸಂಸಾರ: ಹಾಜರಿಗೆ ಒಂದು ಸರ್ವರ್, ಲೈಬ್ರರಿಗೆ ಒಂದು, ಪರೀಕ್ಷಾ ವಿಭಾಗಕ್ಕೆ ಒಂದು, ಮೇಲ್‌ಗೆ ಒಂದು, ಹೀಗೆ. ಯಾರಿಗೆ ಎಷ್ಟು ಜಾಗ, ಯಾರು ಯಾರ ಪಾಲನ್ನು ನುಂಗುತ್ತಿದ್ದಾರೆ, ಒಂದು ವಠಾರ ಕೆಟ್ಟರೆ ಎಲ್ಲರನ್ನೂ ಇನ್ನೊಂದಕ್ಕೆ ಹೇಗೆ ಸಾಗಿಸಬೇಕು, ಇದನ್ನು ನೋಡಿಕೊಳ್ಳುವ ಯಜಮಾನಿ ನಾನು.

ಇಷ್ಟನ್ನೂ ತಲೆದೂಗಿ ಕೇಳಿದ ಒಬ್ಬ ಕೊಬ್ಬರಿ ವ್ಯಾಪಾರಿ, ಬಸ್ಸು ಇಳಿಯುವಾಗ ಕೇಳಿದ್ದು ಒಂದೇ: “ಅಡ್ವಾನ್ಸ್ ಎಷ್ಟು ಇಸ್ಕಂತೀರಮ್ಮ?”

ಕಾಣೆಯಾದ ಹನ್ನೆರಡು

ವರ್ಷಕ್ಕೊಮ್ಮೆ ಕಾಲೇಜಿನ ಸಾಮಾನುಗಳ ತಪಾಸಣೆ ಆಗುತ್ತದೆ. ಆಡಳಿತ ಮಂಡಳಿಯವರು ಒಬ್ಬ ನಿವೃತ್ತ ಹಿರಿಯರನ್ನು ಕಳಿಸುತ್ತಾರೆ. ಅವರ ಕಂಕುಳಲ್ಲಿ ದಪ್ಪ ರಿಜಿಸ್ಟರ್, ಕೈಯಲ್ಲಿ ನಂಬರ್ ಬರೆದ ಸ್ಟಿಕ್ಕರುಗಳ ಹಾಳೆ. ಕಾಲು ಮುರಿದ ಸ್ಟೂಲನ್ನೂ ಬಿಡದೆ ಎಣಿಸಿ, ಅಂಟಿಸಿ, ಟಿಕ್ ಹಾಕುವ ಮನುಷ್ಯ.

ನಾನು ಕೆಲಸಕ್ಕೆ ಸೇರಿದ ವರ್ಷ ಅವರು ಸರ್ವರ್ ರೂಮಿಗೆ ಬಂದರು. ರೂಮಿನಲ್ಲಿ ನೆಲದ ಮೇಲೆ ನಿಲ್ಲಿಸಿದ ಎರಡು ಕರಿ ಡಬ್ಬಗಳು, ಸಣ್ಣ ಬೀರುವಿನ ಗಾತ್ರದವು. ಅವರು ರಿಜಿಸ್ಟರ್ ನೋಡಿದರು, ಡಬ್ಬಗಳನ್ನು ನೋಡಿದರು, ಮತ್ತೆ ರಿಜಿಸ್ಟರ್ ನೋಡಿದರು.

“ಸರ್ವರ್ ಹದಿನಾಲ್ಕು ಅಂತ ಬರ್ದದೆ. ಇಲ್ಲಿ ಎರಡೇ ಅವೆ. ಇನ್ನು ಹನ್ನೆರಡು ಎಲ್ಲಮ್ಮ?”

“ಒಳಗಿವೆ ಸಾರ್.”

“ಒಳಗೆ ಅಂದ್ರೆ? ಯಾವ ರೂಮು?”

“ಈ ಡಬ್ಬಗಳ ಒಳಗೇ ಸಾರ್.”

ಅವರು ಬಗ್ಗಿ ಡಬ್ಬದ ಹಿಂದೆ ಇಣುಕಿದರು. “ತೆಗ್ದು ತೋರ್ಸಿ.”

“ತೆಗೆಯೋಕೆ ಬರಲ್ಲ ಸಾರ್. ನಿಜ ಹೇಳಬೇಕಂದ್ರೆ ಹದಿನಾಲ್ಕೂ ಒಳಗೇ ಇರೋದು. ಈ ಎರಡು ಬೇರೆ.”

“ಹಂಗಾದ್ರೆ ಹದಿನಾರಾ?”

ಮಾತು ಬೆಳೆದಷ್ಟೂ ನಾನು ಕಳ್ಳಿಯಾಗುತ್ತಾ ಹೋದೆ. ಅವರು ಪೆನ್ಸಿಲ್ಲಿನಲ್ಲಿ ‘ಹನ್ನೆರಡು ಕಾಣೆ’ ಅಂತ ಬರೆದೇಬಿಟ್ಟರು. ಕೆಲಸಕ್ಕೆ ಸೇರಿ ಆಗಿನ್ನೂ ನಾಲ್ಕು ತಿಂಗಳು. ಅವರನ್ನೂ ಕರೆದುಕೊಂಡು ಸೀದಾ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತೆ. ಪ್ರಿನ್ಸಿಪಾಲರು ಕೆಮಿಸ್ಟ್ರಿಯವರು. ಎಲ್ಲ ಕೇಳಿ, “ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ ಸ್ವಾಮಿ. ಆಮ್ಲಜನಕ ಕಾಣುತ್ತಾ?” ಅಂದರು.

“ಅದು ರಿಜಿಸ್ಟರಲ್ಲಿ ಇಲ್ಲವಲ್ಲ ಸಾರ್,” ಅಂದರು ತಪಾಸಣೆಯವರು.

ಕೊನೆಗೆ ಅವರನ್ನು ಪರದೆಯ ಮುಂದೆ ಕೂರಿಸಿ, ಹದಿನಾಲ್ಕು ಹೆಸರು, ಪ್ರತಿಯೊಂದರ ಪಕ್ಕ ಹಸಿರು ದೀಪ, ಎಲ್ಲ ತೋರಿಸಿದೆ. ಬೆರಳಿಟ್ಟು ಎರಡು ಸಲ ಎಣಿಸಿದರು. ಸರಿಯಿತ್ತು. ಪೆನ್ಸಿಲ್ ಅಕ್ಷರ ಅಳಿಸಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅವರ ಕಷ್ಟ ಮುಗಿದಿರಲಿಲ್ಲ: ಸ್ಟಿಕ್ಕರನ್ನು ಸಾಮಾನಿನ ಮೇಲೇ ಅಂಟಿಸಬೇಕು ಅನ್ನುವುದು ನಿಯಮ. ಬಹಳ ಹೊತ್ತು ಯೋಚಿಸಿ, ಒಂದು ಡಬ್ಬದ ಮುಖಕ್ಕೆ ಏಳು, ಇನ್ನೊಂದರ ಮುಖಕ್ಕೆ ಏಳು ಅಂಟಿಸಿ ಹೋದರು. ಆ ಮುಖವೇ ಗಾಳಿ ಎಳೆದುಕೊಳ್ಳುವ ಜಾಲರಿ. ಅರ್ಧ ಗಂಟೆಯಲ್ಲಿ ಎರಡೂ ಉಸಿರು ಕಟ್ಟಿ ಕಿರುಚಿಕೊಂಡವು. ನಾನು ಒಂದೊಂದೇ ಸ್ಟಿಕ್ಕರ್ ಬಿಡಿಸಿ ಡಬ್ಬದ ಪಕ್ಕೆಗೆ ಹಚ್ಚಿದೆ.

ಮುಂದಿನ ವರ್ಷ ಬೇರೊಬ್ಬರು ತಪಾಸಣೆಗೆ ಬಂದರು. ಪಕ್ಕೆಯ ಸ್ಟಿಕ್ಕರುಗಳನ್ನು ನೋಡಿ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: “ಎರಡು ಮೆಷಿನ್ನಿಗೆ ಹದಿನಾಲ್ಕು ನಂಬರು! ಮಿಕ್ಕ ಹನ್ನೆರಡು ಸ್ಟಿಕ್ಕರು ಯಾವ ಸಾಮಾನಿಂದ ಕಿತ್ತಿದ್ದು, ನಿಜ ಹೇಳ್ಬುಡಮ್ಮ.”

ಹಿಂದಕ್ಕೆ ಹೋದ ಬುಧವಾರ

ನನ್ನ ಕೆಲಸದಲ್ಲಿ ಸ್ನ್ಯಾಪ್‌ಶಾಟ್ ಅಂತ ಒಂದು ಅನುಕೂಲ ಇದೆ. ಒಂದು ಸರ್ವರ್ ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಏನಾದರೂ ಎಡವಟ್ಟಾದರೆ ಆ ಗಳಿಗೆಗೆ ವಾಪಸ್ಸು ಹೋಗಬಹುದು. ಆದರೆ ನಡುವೆ ನಡೆದದ್ದೆಲ್ಲ ನಡೆದೇ ಇಲ್ಲ ಅನ್ನುವ ಹಾಗೆ ಅಳಿಸಿಹೋಗುತ್ತದೆ.

ಒಂದು ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಮೇಲ್ ಸರ್ವರಿನ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಅದಕ್ಕೆ ಹೊಸ ಅಪ್‌ಡೇಟ್ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅದು ಕಲ್ಲಿನಂತೆ ಕೂತುಬಿಟ್ಟಿತು. ಬೇರೆ ದಾರಿ ಇರಲಿಲ್ಲ, ಬೆಳಗಿನ ಒಂಬತ್ತಕ್ಕೆ ವಾಪಸ್ಸು ಕರೆದುಕೊಂಡು ಹೋದೆ. ಮೇಲ್ ಶುರುವಾಯಿತು, ಆದರೆ ಒಂಬತ್ತರಿಂದ ಒಂದರವರೆಗೆ ಕಾಲೇಜಿನೊಳಗೆ ಓಡಾಡಿದ್ದ ಪತ್ರಗಳೆಲ್ಲ ಮಾಯ. ಎಲ್ಲ ವಿಭಾಗಗಳಿಗೂ ಕ್ಷಮೆ ಕೇಳಿ ಬಂದು, ಯಾರು ಮೊದಲು ಬೈಯಲು ಬರುತ್ತಾರೋ ಅಂತ ಕಾಯುತ್ತ ಕುಳಿತೆ.

ಮೊದಲು ಬಂದವರು ಫಿಸಿಕ್ಸ್ ಮೇಷ್ಟ್ರು. ಹಣೆಯಲ್ಲಿ ಬೆವರು.

“ಬೆಳಗ್ಗಿಂದು ಎಲ್ಲಾ ಹೋಯ್ತಂತೆ, ನಿಜವಾ ಮೇಡಂ?”

“ತಪ್ಪಾಯ್ತು ಸಾರ್...”

“ಪ್ರಿನ್ಸಿಪಾಲರ ಮೇಲ್ ಡಬ್ಬಿಯಲ್ಲೂ?”

“ಅಲ್ಲೂ ಹೋಗಿದೆ ಸಾರ್.”

“ಅವರು ಓದಿರಲ್ಲ ಅಲ್ವಾ?”

“ಅವರು ಬೆಳಗ್ಗೇನೆ ಮೀಟಿಂಗಿಗೆ ತುಮಕೂರಿಗೆ ಹೋದ್ರಲ್ಲ.”

ಮೇಷ್ಟ್ರು ಸ್ಟೂಲಿನ ಮೇಲೆ ದೊಪ್ಪನೆ ಕೂತು ಎದೆ ಮೇಲೆ ಕೈ ಇಟ್ಟುಕೊಂಡರು. ಆದದ್ದಿಷ್ಟು. ಟೈಂಟೇಬಲ್ಲಿನಲ್ಲಿ ಸತತ ಮೂರನೇ ವರ್ಷವೂ ಅವರಿಗೆ ಶನಿವಾರದ ಕೊನೇ ಪೀರಿಯಡ್ ಬಿದ್ದಿತ್ತು. ಸಿಟ್ಟು ನೆತ್ತಿಗೇರಿ, ಎರಡು ಪುಟದ ರಾಜೀನಾಮೆ ಬರೆದು, ಪ್ರಿನ್ಸಿಪಾಲರ ವಿದ್ಯೆ ಬುದ್ಧಿಯ ಬಗ್ಗೆ ಒಂದು ಪ್ಯಾರಾ ಬೇರೆ ಸೇರಿಸಿ, ಹನ್ನೊಂದರ ಹೊತ್ತಿಗೆ ಕಳಿಸಿಬಿಟ್ಟಿದ್ದರು. ಕಳಿಸಿದ ಮೇಲೆ ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದ್ದಾರೆ.

“ಅವಳು ಬೈಲಿಲ್ಲ ಮೇಡಂ. ‘ಸರಿ ಬುಡಿ, ತೋಟದಲ್ಲಿ ಕಾಯಿ ಸುಲಿಯೋಕೆ ಆಳು ಸಿಕ್ತಿರಲಿಲ್ಲ’ ಅಂದ್ಲು.”

ಮಾರನೇ ದಿನ ನನ್ನ ಮೇಜಿನ ಕೆಳಗೆ ಹತ್ತು ತೆಂಗಿನಕಾಯಿಯ ಚೀಲ ಇತ್ತು. ಅವರೇ ಸುಲಿದವು ಅಂತ ನೋಡಿದರೆ ಗೊತ್ತಾಗುತ್ತಿತ್ತು: ಅರ್ಧಕ್ಕೆ ಅರ್ಧ ನಾರು ಹಾಗೇ ಉಳಿದಿತ್ತು.

ಪ್ರಿನ್ಸಿಪಾಲರಿಗೆ ವಿಷಯ ಹೇಳಲೇಬೇಕಲ್ಲ. ಬುಧವಾರ ಸಂಜೆ ಅವರು ತುಮಕೂರಿನಿಂದ ಬಂದ ಕೂಡಲೇ ಹೋಗಿ, ಬೆಳಗಿನ ಮೇಲ್ ಎಲ್ಲ ಅಳಿಸಿಹೋದ ಕಥೆ ಒಪ್ಪಿಸಿದೆ. ಮೇಷ್ಟ್ರ ಹೆಸರು ಎತ್ತಲಿಲ್ಲ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಹತ್ತು ಗಂಟೆಗೆ ನಾನು ಕಾರಲ್ಲಿ ಕೂತು ಆಡಳಿತ ಮಂಡಳಿಯವರಿಗೆ ಒಂದು ಕಳಿಸಿದ್ದೆ. ಸ್ವಲ್ಪ ಸಿಟ್ಟಲ್ಲಿದ್ದೆ. ಅದು?”

“ಅವರದ್ದೂ ಇದೇ ಸರ್ವರ್ ಸಾರ್. ಅದೂ ಹೋಯ್ತು.”

ಪ್ರಿನ್ಸಿಪಾಲರು ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ತಪ್ಪೇನಿಲ್ಲ ಕಣಮ್ಮ. ಆಗಾಗ ಹಿಂಗೇ ಒಂದೊಂದು ಬುಧವಾರ ಕೆಡಿಸ್ತಾ ಇರು.”

ಬೋರನಕಣಿವೆ ತುಂಬಿತು

ಸರ್ವರುಗಳಿಗೆ ಹೆಸರಿಡುವ ಅಧಿಕಾರ ನನ್ನದೇ. ಎಲ್ಲರ ಫೈಲುಗಳೂ ಬಂದು ಸೇರುವ ದೊಡ್ಡ ಸಂಗ್ರಹಕ್ಕೆ, ಹುಳಿಯಾರಿನ ಕಡೆಯ ಜಲಾಶಯವೂ ಹೀಗೇ ನೀರು ಬಂದು ನಿಲ್ಲುವ ಜಾಗವಲ್ಲವೇ ಅಂತ, ಪ್ರೀತಿಯಿಂದ ‘ಬೋರನಕಣಿವೆ’ ಅಂತ ಇಟ್ಟಿದ್ದೆ. ಕಾಲೇಜಿನವರಿಗೂ ರೂಢಿಯಾಗಿತ್ತು. “ಫೋಟೋ ಬೋರನಕಣಿವೆಗೆ ಹಾಕಿದೀನಿ” ಅಂತ ಸಲೀಸಾಗಿ ಹೇಳುತ್ತಿದ್ದರು.

ವಾರ್ಷಿಕೋತ್ಸವ ಮುಗಿದ ಮೇಲೆ ಎಲ್ಲ ವಿಭಾಗದವರೂ ವೀಡಿಯೊ ತಂದು ಸುರಿದರು. ಜಾಗ ಮುಗಿಯಿತು. ಒಂದು ಶುಕ್ರವಾರ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ: “ಬೋರನಕಣಿವೆ ಪೂರ್ತಿ ತುಂಬಿದೆ. ದಯವಿಟ್ಟು ಎಲ್ಲರೂ ಎಚ್ಚರ ವಹಿಸಿ. ಭಾನುವಾರದ ಒಳಗೆ ಖಾಲಿ ಮಾಡದಿದ್ದರೆ ನಾನೇ ಖಾಲಿ ಮಾಡುತ್ತೇನೆ.” ಕೆಳಗೆ ನನ್ನ ಹೆಸರು, ನಂಬರು.

ಗ್ರೂಪಿನಲ್ಲಿದ್ದ ಯಾರೋ ಪುಣ್ಯಾತ್ಮರು ಅದನ್ನು ಹುಳಿಯಾರಿನ ತಮ್ಮ ನೆಂಟರ ಗ್ರೂಪಿಗೆ ಕಳಿಸಿದ್ದಾರೆ. ಅಲ್ಲಿಂದ ಅದು ಎಲ್ಲೆಲ್ಲಿ ಹರಿಯಿತೋ ದೇವರೇ ಬಲ್ಲ. ಶನಿವಾರ ಬೆಳಗ್ಗೆ ಮೊದಲ ಫೋನು.

“ಮೇಡಂ, ಕೋಡಿ ಬಿದ್ದದಾ?”

“ಏನು ಬಿದ್ದಿದೆ?”

“ಕೋಡಿ ಕಣ್ರೀ. ಬೋರನಕಣಿವೆ ತುಂಬದೆ ಅಂತ ನೀವೇ ಹಾಕಿದ್ರಲ್ಲ.”

“ಅಯ್ಯೋ, ಅದು ಆ ಬೋರನಕಣಿವೆ ಅಲ್ಲ. ಇದು ಸಿಸ್ಟಂ...”

“ನೀರು ಬಿಡೋ ಸಿಸ್ಟಮ್ಮಾ?”

ಮಧ್ಯಾಹ್ನದೊಳಗೆ ಮೂವತ್ತು ಫೋನು ಬಂದಿರಬೇಕು. ಒಬ್ಬರು ಹೆಂಡತಿ ಮಕ್ಕಳ ಜೊತೆ ಬುತ್ತಿ ಕಟ್ಟಿಕೊಂಡು ನೋಡಲು ಹೊರಟಾಗಿತ್ತು, ದಾರಿ ಕೇಳಿದರು. ಇನ್ನೊಬ್ಬರು ಏರಿ ಮೇಲಿಂದಲೇ ಫೋನ್ ಮಾಡಿ, “ಎಲ್ರೀ ತುಂಬೈತೆ? ಮಧ್ಯದಲ್ಲಿ ಕುರಿ ಮೇಯ್ತಾ ಅವೆ!” ಅಂತ ನನ್ನ ಮೇಲೆ ರೇಗಿದರು. ಎಲ್ಲರಿಗೂ ತಪ್ಪಾಯಿತು ಅಂದೆ. ಕೊನೆಗೆ ಒಬ್ಬ ರೈತರು ಮಾತ್ರ ನನ್ನ ವಿವರಣೆಯನ್ನೆಲ್ಲ ಸಮಾಧಾನವಾಗಿ ಕೇಳಿ, “ಅದೆಲ್ಲ ಇರ್ಲಿ ಬುಡವ್ವ. ಖಾಲಿ ಮಾಡೋದಂತೂ ಮಾಡ್ತೀರಲ್ಲ, ನಮ್ ಕಡೆ ನಾಲೆಗೇ ಬುಡಿ,” ಅಂದರು.

ಸೋಮವಾರವೇ ಅದರ ಹೆಸರು ಬದಲಾಯಿಸಿ ‘ಗೋಡೌನ್’ ಅಂತ ಮಾಡಿದೆ. ತಿಪಟೂರಿನಲ್ಲಿದ್ದುಕೊಂಡು, ಕೊಬ್ಬರಿಯ ಕಾಲದಲ್ಲಿ, “ಗೋಡೌನ್ ಈಗ ಖಾಲಿ ಇದೆ” ಅಂತ ಗ್ರೂಪಿಗೆ ಹಾಕಬಾರದು ಅಂತ ಗೊತ್ತಾಗಿದ್ದು ಆಮೇಲೆ.

ಉಬ್ಬದ ಹಿಟ್ಟು

ನಮ್ಮ ಎರಡು ಡಬ್ಬಗಳಿಗೆ ಮೊದಲಿನಿಂದಲೂ ಒಂದು ಏರ್ಪಾಡು ಇದೆ. ಒಂದು ಕೆಟ್ಟು ನಿಂತರೆ, ಅದರೊಳಗಿನ ಸರ್ವರುಗಳೆಲ್ಲ ತಾವಾಗಿಯೇ ಇನ್ನೊಂದರಲ್ಲಿ ಎದ್ದು ಕೂರುತ್ತವೆ. ಒಂದೆರಡು ನಿಮಿಷ ತಡವರಿಸಿದ ಹಾಗಾಗುತ್ತದೆ, ಅಷ್ಟೆ. ಒಳ್ಳೆಯದೇ. ಆದರೆ ಏನೂ ಆಗಿಲ್ಲ ಅನ್ನುವಷ್ಟು ಸಲೀಸಾಗಿ ನಡೆದುಬಿಟ್ಟರೆ, ಒಂದು ಕೆಟ್ಟಿದೆ ಅನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಎಚ್ಚರಿಕೆಯ ಮೇಲ್ ಬರುವ ಹಾಗೆ ಮಾಡಿರುತ್ತಾರೆ.

ಒಂದು ಡಿಸೆಂಬರ್ ಬೆಳಗ್ಗೆ ನಾನು ಬಸ್ಸಿಳಿದು ಕಾಲೇಜಿಗೆ ಬರುವಷ್ಟರಲ್ಲಿ ನಮ್ಮ ಅಟೆಂಡರಮ್ಮ ಗೇಟಿನಲ್ಲೇ ಕಾದಿದ್ದರು. ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಯವರು, ಕಾಲೇಜಿನ ಹಿಂದೆ ಒಂದು ಶೀಟಿನ ಮನೆಯಲ್ಲಿ ವಾಸ. ಸರ್ವರ್ ರೂಮಿನ ಕಸ ಗುಡಿಸುವುದು, ಬೀಗ ಹಾಕುವುದು, ತೆಗೆಯುವುದು ಅವರೇ.

“ಮೇಡಮ್ಮೋರೆ, ಎಡಗಡೆ ಮಿಷಿನ್ನಿಗೆ ಏನೋ ಆಗೈತೆ.”

“ನಿಮಗೆ ಹೇಗೆ ಗೊತ್ತಾಯ್ತು?”

ಅವರು ಸೆರಗಿನ ತುದಿ ತಿರುಚುತ್ತಾ ನಿಂತರು. ಆಮೇಲೆ ಬಾಯಿಬಿಟ್ಟರು. ಚಳಿಗಾಲದಲ್ಲಿ ಅವರ ಶೀಟಿನ ಮನೆಯಲ್ಲಿ ದೋಸೆ ಹಿಟ್ಟು ಹುದುಗು ಬರುವುದಿಲ್ಲ. ಸರ್ವರ್ ಡಬ್ಬದ ಬೆನ್ನಿನಿಂದಲೋ ಹದವಾದ ಬಿಸಿಗಾಳಿ. ಸಂಜೆ ಬೀಗ ಹಾಕುವಾಗ ಹಿಟ್ಟಿನ ಪಾತ್ರೆಯನ್ನು ಎಡಗಡೆ ಡಬ್ಬದ ಹಿಂದೆ ಇಡುವುದು, ಬೆಳಗ್ಗೆ ಬೀಗ ತೆಗೆದಾಗ ಉಬ್ಬಿದ ಹಿಟ್ಟನ್ನು ಒಯ್ಯುವುದು. ಎರಡು ವರ್ಷದಿಂದ ನಡೆದಿದೆ.

“ಒಂದು ದಿನಾನೂ ಮೋಸ ಮಾಡಿರ್ಲಿಲ್ಲ ಕಣವ್ವ. ಇವತ್ತು ನೋಡಿದ್ರೆ ಹಿಟ್ಟು ಹಾಕ್ದಂಗೇ ಕೂತೈತೆ.”

ಓಡಿ ಹೋಗಿ ನೋಡಿದೆ. ಎಡಗಡೆ ಡಬ್ಬ ಸತ್ತು ತಣ್ಣಗಾಗಿತ್ತು. ಹದಿನಾಲ್ಕೂ ಸರ್ವರುಗಳು ಬಲಗಡೆಯದರಲ್ಲಿ, ಮದುವೆ ಸೀಸನ್ನಿನ ಬಸ್ಸಿನ ಹಾಗೆ ಒಂದರ ಮೇಲೊಂದು ಕೂತು ನರಳುತ್ತಿದ್ದವು. ಮಾರನೇ ದಿನದಿಂದ ಆನ್‌ಲೈನ್ ಪರೀಕ್ಷೆ. ಇಡೀ ಕಾಲೇಜಿನ ಮಕ್ಕಳು ಒಟ್ಟಿಗೇ ಮೇಲೆ ಬಿದ್ದಿದ್ದರೆ ಆ ಇನ್ನೊಂದೂ ನಿಲ್ಲುತ್ತಿತ್ತು. ಮೆಕ್ಯಾನಿಕ್ಕನ್ನು ಕರೆಸಿ, ಕೆಟ್ಟ ಭಾಗ ಬದಲಾಯಿಸಿ, ಸಂಜೆಯೊಳಗೆ ಎಡಗಡೆಯದನ್ನು ಎಬ್ಬಿಸಿದ್ದಾಯಿತು.

ಎಚ್ಚರಿಕೆಯ ಮೇಲ್ ಯಾಕೆ ಬರಲಿಲ್ಲ ಅಂತ ಹುಡುಕಿದರೆ, ಅದು ನನಗಿಂತ ಮುಂಚೆ ಇದ್ದ ಅಡ್ಮಿನ್‌ಗೇ ಹೋಗುತ್ತಿತ್ತು. ಅವರು ಈಗ ಹಾಸನದಲ್ಲಿದ್ದಾರೆ. ಫೋನ್ ಮಾಡಿದೆ.

“ಬಂದಿತ್ತು ಮೇಡಂ. ಮೂರು ಸಲ ಬಂದಿತ್ತು. ಬಿಟ್ಟು ಬಂದ ಮೇಲೂ ನೆನಪಿಟ್ಕೊಂಡಿದಾರಲ್ಲ ಅಂತ ಖುಷಿಯಾಯ್ತು.”

ಹಿಟ್ಟಿನ ವಿಷಯದಲ್ಲಿ ಅಟೆಂಡರಮ್ಮನಿಗೆ ಏನೂ ಅನ್ನಲು ನನಗೆ ಮನಸ್ಸು ಬರಲಿಲ್ಲ. ಮುಚ್ಚಳ ಭದ್ರವಾಗಿರಲಿ ಅಂತ ಮಾತ್ರ ಹೇಳಿ ಸುಮ್ಮನಾದೆ. ಮುಂದಿನ ತಿಂಗಳು ಬೆಂಗಳೂರಿನಿಂದ ಮೂವರ ತಪಾಸಣೆ ತಂಡ ಬಂತು. ಕಾಲೇಜಿಗೆ ಅವರು ಕೊಡುವ ಅಂಕ ಬಹಳ ಮುಖ್ಯ. ಪ್ರಿನ್ಸಿಪಾಲರು ಹೊಸ ಕೋಟು ಹಾಕಿದ್ದರು. ಸರ್ವರ್ ರೂಮಿನಲ್ಲಿ ತಂಡದ ಹಿರಿಯರು ನನ್ನನ್ನು ಕೇಳಿದರು: “ಒಂದು ಸರ್ವರ್ ಕೆಟ್ಟರೆ ನಿಮಗೆ ಹೇಗೆ ಗೊತ್ತಾಗುತ್ತೆ?”

ನಾನು ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರಮ್ಮ ಹೇಳಿಬಿಟ್ಟರು: “ಹಿಟ್ಟು ಉಬ್ಬಲ್ಲ ಸಾಮಿ.”

ಪ್ರಿನ್ಸಿಪಾಲರು ಕೋಟಿನ ಗುಂಡಿ ಹಿಡಿದುಕೊಂಡರು. ಹಿರಿಯರು ಬಗ್ಗಿ ಎಡಗಡೆ ಡಬ್ಬದ ಹಿಂದೆ ನೋಡಿದರು. ಮುಚ್ಚಳ ಎತ್ತಿ ನೋಡಿದರು. ಮುಖ ಗಂಭೀರವಾಗಿಯೇ ಇತ್ತು. “ಬಲಗಡೇದು ಕೆಟ್ಟರೆ?”

“ಅದ್ರ ಹಿಂದೆ ಇಡ್ಲಿ ಹಿಟ್ಟು ಇಟ್ಟಿವ್ನಿ ಸಾಮಿ.”

ಗೆಸ್ಟುಗಳು

ಇದು ನನ್ನ ಮನೆಯಲ್ಲೇ ನಡೆದದ್ದು.

ನಮ್ಮ ಭಾಷೆಯಲ್ಲಿ ಡಬ್ಬಕ್ಕೆ ಹೋಸ್ಟ್ ಅನ್ನುತ್ತೇವೆ, ಒಳಗಿರುವ ಒಂದೊಂದು ಸರ್ವರಿಗೂ ಗೆಸ್ಟ್ ಅನ್ನುತ್ತೇವೆ. ಈ ಹೆಸರಿಟ್ಟ ಪುಣ್ಯಾತ್ಮರು ತುರುವೇಕೆರೆಯಲ್ಲಿ ಅತ್ತೆಯ ಜೊತೆ ಸಂಸಾರ ಮಾಡಿದವರಲ್ಲ.

ಆ ಭಾನುವಾರ ನಮ್ಮ ಮನೆಯಲ್ಲಿ ನಮ್ಮತ್ತೆಯ ತಂಗಿ ಮತ್ತು ಅವರ ಯಜಮಾನರು ಇದ್ದರು. ನನಗೆ ಚಿಕ್ಕತ್ತೆ, ಚಿಕ್ಕಮಾವ. ಚಿಕ್ಕನಾಯಕನಹಳ್ಳಿಯವರು. ಮೂರು ದಿನಕ್ಕೆ ಅಂತ ಬಂದವರು ಎಂಟನೇ ದಿನಕ್ಕೆ ಕಾಲಿಟ್ಟಿದ್ದರು. ನನಗೇನೂ ಬೇಸರ ಇರಲಿಲ್ಲ, ಸತ್ಯವಾಗಿ. ಚಿಕ್ಕತ್ತೆಯ ಕೈಯ ಹುರುಳಿಕಾಳು ಬಸ್ಸಾರಿಗೆ ಅವರು ಎಂಟು ತಿಂಗಳಿದ್ದರೂ ನನಗೆ ಸಂತೋಷವೇ.

ತಿಂಡಿ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಕಾಲೇಜಿನ ಲ್ಯಾಬ್ ಮೇಷ್ಟ್ರ ಫೋನ್ ಬಂತು. ಭಾನುವಾರ ಒಂದು ವಿಶೇಷ ತರಗತಿ ಇತ್ತು, ಬಲಗಡೆ ಡಬ್ಬ ತೆವಳುತ್ತಿದೆ ಅಂದರು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಿಲ ಬಾಗಿಲಲ್ಲಿ ಮಾತ್ರ, ಅದೂ ಕೂಗಿ ಮಾತಾಡಿದರೆ. ನಾನು ಅಲ್ಲಿ ನಿಂತು ಕೂಗಿದೆ:

“ಗೆಸ್ಟುಗಳು ಜಾಸ್ತಿ ಆಗಿವೆ ಸಾರ್! ಹೋಸ್ಟ್‌ಗೆ ತಡಕೊಳ್ಳೋಕೆ ಆಗ್ತಿಲ್ಲ!”

ಅವರೇನೋ ಕೇಳಿದರು.

“ಆ ಹಳೇವು ಎರಡು ಇದಾವಲ್ಲ, ಅವೇ! ಒಂದು ಕೆಲಸಾನೂ ಮಾಡಲ್ಲ, ಸುಮ್ನೆ ತಿಂತಾ ಕೂತಿವೆ! ನಾನೂ ಇವತ್ತು ತೆಗೀಬೇಕು, ನಾಳೆ ತೆಗೀಬೇಕು ಅಂತ ವಾರದಿಂದ ನೋಡ್ತಾ ಇದೀನಿ!”

ಅವರು, ಹೇಗೆ ತೆಗೆಯಲಿ ಅಂದರು.

“ಮೊದಲು ಮರ್ಯಾದೆಯಿಂದ ಹೇಳಿ ನೋಡಿ! ಒಂದೈದು ನಿಮಿಷ ಕಾಯಿರಿ! ಕೇಳ್ಲಿಲ್ಲ ಅಂದ್ರೆ ಬಲವಂತವಾಗಿ ಹೊರಗೆ ಹಾಕಿ! ಏನೂ ಯೋಚನೆ ಮಾಡ್ಬೇಡಿ, ಅವು ಇಲ್ದಿದ್ರೆ ಯಾರಿಗೂ ಏನೂ ತೊಂದ್ರೆ ಇಲ್ಲ!”

ಫೋನಿಟ್ಟು ಒಳಗೆ ಬಂದೆ. ನಡುಮನೆ ಖಾಲಿ. ಕೋಣೆಯಲ್ಲಿ ಚಿಕ್ಕತ್ತೆ ಬ್ಯಾಗಿಗೆ ಸೀರೆ ತುಂಬುತ್ತಿದ್ದರು. ಚಿಕ್ಕಮಾವ ಆಗಲೇ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು.

“ಇದೇನು ಚಿಕ್ಕತ್ತೆ?”

“ಹತ್ತೂವರೆ ಬಸ್ಸಿಗೆ ಹೊಂಟ್ವಿ ಕಣಮ್ಮ. ತುಂಬ ದಿನ ಆಯ್ತು,” ಅಂದರು, ನನ್ನ ಮುಖ ನೋಡದೆ. ಕಣ್ಣಲ್ಲಿ ನೀರು.

ನಮ್ಮತ್ತೆ ಅಡುಗೆಮನೆಯಿಂದ ಬಂದರು. ಮುಖ ಬಾಣಲೆಯ ಹಾಗೆ ಕಾದಿತ್ತು. “ಅಲ್ಲ ಕಣೇ, ಹೇಳೋದಿದ್ರೆ ನನ್ ಹತ್ರ ಹೇಳ್ಬೇಕಿತ್ತು. ಊರಿಗೆಲ್ಲ ಕೇಳೋ ಹಂಗೆ ಕೂಗ್ತಾರಾ? ಬಲವಂತವಾಗಿ ಹೊರಗೆ ಹಾಕಕ್ಕೆ ಯಾವನ್ನ ಕರೀತಿದ್ದೆ ಫೋನಲ್ಲಿ?”

ಆಗ ನನಗೆ ಹೊಳೆಯಿತು. ಗೆಸ್ಟ್ ಅಂದರೆ ನೆಂಟರಲ್ಲ ಅತ್ತೆ, ಕಂಪ್ಯೂಟರಿನೊಳಗಿನ ಕಂಪ್ಯೂಟರು ಅಂದೆ. ಮೂವರೂ ನನ್ನನ್ನೇ ನೋಡಿದರು. ನಾನೇ ಯೋಚಿಸಿದೆ, ಇದನ್ನೇ ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿದ್ದೆನೇ? ನನ್ನ ಗಂಡನ ಕಡೆ ತಿರುಗಿದೆ. ಅವರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದುಕೊಂಡರು.

ಉಳಿದದ್ದು ಒಂದೇ ದಾರಿ, ಸಾಕ್ಷಿ. ಚಿಕ್ಕತ್ತೆಯ ಕೈ ಹಿಡಿದು, ಅತ್ತೆಯನ್ನೂ ಚಿಕ್ಕಮಾವನನ್ನೂ ಕರೆದು, ಎಲ್ಲರನ್ನೂ ಹಿತ್ತಿಲ ಬಾಗಿಲಿಗೆ ಕರೆತಂದೆ. ಲ್ಯಾಬ್ ಮೇಷ್ಟ್ರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಎಲ್ಲರ ನಡುವೆ ಹಿಡಿದೆ. ಅವರು ಒಂದು ಮಾತು ‘ಕಂಪ್ಯೂಟರ್’ ಅಂದುಬಿಟ್ಟರೆ ನಾನು ಬದುಕಿಕೊಂಡೆ.

“ಸಾರ್, ಆ ಹಳೇವೆರಡು ಏನಾದ್ವು ಹೇಳಿ,” ಅಂದೆ.

ಆ ಹತ್ತೂವರೆ ಬಸ್ಸು ಚಿಕ್ಕತ್ತೆ ಚಿಕ್ಕಮಾವನನ್ನು ಬಿಟ್ಟೇ ಹೋಯಿತು, ಅವರು ಆಮೇಲೆ ಇನ್ನೂ ಒಂದು ವಾರ ನಮ್ಮಲ್ಲೇ ಇದ್ದರು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಡೆದದ್ದನ್ನು ಹೇಳುವಾಗ ನಮ್ಮ ಮನೆಯಲ್ಲಿ ಯಾರಿಗೂ ಮಾತು ಪೂರೈಸಲು ಆಗುವುದಿಲ್ಲ, ಮೊದಲು ನಗುವವರು ನಮ್ಮತ್ತೆಯೇ.

ಮೇಷ್ಟ್ರ ದನಿ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂತು: “ಒಂದು ಹೇಳಿದ ತಕ್ಷಣ ಹೋಯ್ತು ಮೇಡಂ. ಇನ್ನೊಂದು ಭಾರಿ ಹಠಮಾರಿ. ಎರಡು ಸಲ ಹೇಳ್ದೆ, ಜಗ್ಗಲ್ಲ. ಮುಗಿಸಿಬಿಡ್ಲಾ?”

ಚಿಕ್ಕತ್ತೆ ಗಂಡನ ತೋಳು ಹಿಡಿದುಕೊಂಡರು. ಚಿಕ್ಕಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಜೋಡಿಸಿ, ಫೋನಿನ ಕಡೆ ಬಗ್ಗಿ ಹೇಳಿದರು:

“ಆತುರ ಬೀಳ್ಬೇಡಿ ಸ್ವಾಮಿ. ಬಸ್ ಬರೋಗಂಟ ತಡ್ಕಳಿ, ನಾನೇ ಹೊಂಟೋಯ್ತೀನಿ.”

ಆ ಕಡೆಯಿಂದ ಮೇಷ್ಟ್ರು, ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಿನ ಜೊತೆ, ಗಾಬರಿಯಿಂದ ಪಿಸುಗುಟ್ಟಿದರು:

“ಮೇಡಂ, ಅದು ಮಾತಾಡ್ತು!”